ರವೆಗೋಧಿಯಲ್ಲಿ ಬಿಳಿ ಮಚ್ಚೆ ಏಕೆ?

ಪ್ರಶ್ನೆ: ಧಾರವಾಡ ಭಾಗದ ಎರೆಹೊಲದಲ್ಲಿ ನೀರಾವರಿಯಲ್ಲಿ ರವೆಗೋಧಿ (ಡ್ಯೂರಮ್) ಬೆಳೆದಿದ್ದೇವೆ. ಇಳುವರಿ ಚೆನ್ನಾಗಿದೆ. ಆದರೆ ಕಾಳಿನ ಮೇಲೆ ಬಿಳಿ ಮಚ್ಚೆಗಳಿವೆ ಎಂದು ದರ ಇಳಿಸುತ್ತಾರೆ. ಇದು ರೋಗವೇ?

ಉತ್ತರ: ರೋಗವಲ್ಲ, ಸಾರಜನಕದ ಕೊರತೆ. ಕಾಳು ತುಂಬುವಾಗ ಸಾರಜನಕ ಸಾಲದಿದ್ದರೆ ಪ್ರೋಟೀನ್ ಕಡಿಮೆಯಾಗಿ ಗಾಜಿನಂತಿರಬೇಕಾದ ಕಾಳು ಹಿಟ್ಟುಹಿಟ್ಟಾಗುತ್ತದೆ. ಬೀಸಿದರೆ ರವೆ ಕಡಿಮೆ, ಹಿಟ್ಟು ಹೆಚ್ಚು. ಶಾವಿಗೆಯೂ ಗಟ್ಟಿ ನಿಲ್ಲದು. ಇಳುವರಿ ಹೆಚ್ಚಿದ ಹೊಲದಲ್ಲೇ ಇದು ಹೆಚ್ಚು ಕಾಣುತ್ತದೆ, ಏಕೆಂದರೆ ಇದ್ದ ಸಾರಜನಕ ಹೆಚ್ಚು ಕಾಳಿಗೆ ಹಂಚಿಹೋಗುತ್ತದೆ.

ಎಕರೆಗೆ 40 ಕೆಜಿ ಸಾರಜನಕ ಕೊಡಿ: ಅರ್ಧ ಬಿತ್ತುವಾಗ, ಉಳಿದ 20 ಕೆಜಿಗೆ ಸುಮಾರು 43 ಕೆಜಿ ಯೂರಿಯಾವನ್ನು 30ನೇ ದಿನಕ್ಕೆ, ಹಸಿ ಇದ್ದಾಗ ಮೇಲುಗೊಬ್ಬರವಾಗಿ. ಎಲ್ಲವನ್ನೂ ಬಿತ್ತನೆಯಲ್ಲೇ ಸುರಿದರೆ ಕೊನೆಗೆ ಬೆಳೆಗೆ ಸಾರಜನಕ ಸಾಲದು. ಮೊದಲ ನೀರನ್ನು 21ನೇ ದಿನ, ಕಿರೀಟ ಬೇರು (ಕಾಂಡದ ಬುಡದಿಂದ ಹೊರಡುವ ಬೇರು) ಮೂಡುವಾಗ, ತಪ್ಪಿಸಬೇಡಿ. ಕಾಳು ಗಟ್ಟಿಯಾದ ಮೇಲೆ ಮಾತ್ರ ನೀರು ಬೇಡ. ಮಾಗಿದ ತೆನೆ ಮಳೆಗೆ ನೆನೆದರೂ ಹೊಳಪು ಹೋಗುತ್ತದೆ, ಆದ್ದರಿಂದ ಕಟಾವು ತಡಮಾಡಬೇಡಿ.

ನವೆಂಬರ್ ನಡುವಿನೊಳಗೆ ಬಿತ್ತಿ. ತಡವಾದರೆ ಫೆಬ್ರುವರಿಯ ಬಿಸಿಲಿಗೆ ಕಾಳು ಸೊರಗುತ್ತದೆ. ಮಾರುವ ಮುನ್ನ 100 ಕಾಳುಗಳನ್ನು ಅಡ್ಡ ಕತ್ತರಿಸಿ ಎಣಿಸಿ: ಪಾರದರ್ಶಕವಾಗಿ ಹೊಳೆಯುವವು ಎಷ್ಟೆಂದು ನಿಮಗೇ ತಿಳಿಯುತ್ತದೆ.