ಅಪ್ಪನ ಹಳೇ ಫಿಲ್ಮ್ ಕ್ಯಾಮೆರಾ ಒಲಿಂಪಸ್ ಓಎಂ-1ರಲ್ಲಿ ಬೆಳಕು ಅಳೆಯೋ ಮೀಟರಿನ ಮುಳ್ಳು ಸರಿಯಾಗೇ ಆಡ್ತಿದೆ, ಫೋಟೋ ಮಾತ್ರ ಕತ್ಲು. ಕೈಲಿ ಹಿಡಿಯೋ ಬೇರೆ ಲೈಟ್ ಮೀಟರ್ ತಗೊಳ್ಳೋದಾ, ರಿಪೇರಿಗೆ ಕೊಡೋದಾ?

ಎರಡೂ ಬೇಡ. ಕ್ಯಾಮೆರಾ ತಳದ ಮುಚ್ಚಳ ಬಿಚ್ಚಿ ಯಾವ ಸೆಲ್ ಹಾಕಿದೀರ ನೋಡಿ ಮೊದ್ಲು. ಆಲ್ಕಲೈನ್ ಇರತ್ತೆ, ಬೆಟ್ ಕಟ್ತೀನಿ.

ತೀರ್ಥಹಳ್ಳಿ ಕಡೆ ನಮ್ಮಜ್ಜನ ಹೆಂಚಿನ ಮನೆ ಕೆಡವೋದು ಅಂತ ಆಗಿತ್ತು. ಅದಕ್ಕೂ ಮುಂಚೆ ಫಿಲ್ಮಲ್ಲೇ ತೆಗೀಬೇಕು ಅಂತ ನಂಗೆ ಹಠ. ಚಿಕ್ಕಪ್ಪನ ಓಎಂ-1 ಇಸ್ಕೊಂಡೆ, ಸೆಲ್ ಸತ್ತಿತ್ತು, ವಾಚ್ ರಿಪೇರಿ ಅಂಗಡೀಲಿ ಅದೇ ಸೈಜಿನ 625 ನಂಬರಿನ ಆಲ್ಕಲೈನ್ ಸೆಲ್ ಸಿಕ್ತು, ಹಾಕಿದ ತಕ್ಷಣ ಮುಳ್ಳು ಎದ್ದು ನಿಂತ್ಕೊಳ್ತು, ಆಯ್ತಲ್ಲ ಅಂತ ಜಗಲಿ, ನಡುಮನೆ, ಅಟ್ಟ, ಬಚ್ಚಲೊಲೆ ಎಲ್ಲಾ ಮುಳ್ಳನ್ನ ನಡುವಿಗೆ ತಂದು ತಂದು ತೆಗ್ದೆ. ಲ್ಯಾಬಿನವ್ರು ನೆಗೆಟಿವ್ ಎತ್ತಿ ತೋರಿಸಿ "ತುಂಬಾ ತೆಳು ಸಾರ್" ಅಂದ್ರು, ಅಂದ್ರೆ ಫಿಲ್ಮಿಗೆ ಬೆಳಕೇ ಸಾಲಿರ್ಲಿಲ್ಲ. ಅಂಗಳದ್ದು ಹೆಂಗೋ ಬಂದಿತ್ತು, ಒಳಗಿನದ್ದೆಲ್ಲ ಹಸಿರು ಹಸಿರು ಕೆಸರು. ಅಷ್ಟೊತ್ತಿಗೆ ಮನೇನೂ ಇರ್ಲಿಲ್ಲ.

ಏನಾಗಿತ್ತು ಅಂದ್ರೆ, ಈ ಕ್ಯಾಮೆರಾ 1972-73ರದ್ದು, ಆಗಿನ ಮರ್ಕ್ಯುರಿ ಸೆಲ್‌ಗೆ ಅಂತ ಮಾಡಿದ್ದು. ಅದು 1.35 ವೋಲ್ಟ್, ಸಾಯೋವರೆಗೂ ಹೆಚ್ಚುಕಮ್ಮಿ ಅಷ್ಟೇ ಕೊಡ್ತಿತ್ತು, ಅದನ್ನೇ ನಂಬ್ಕೊಂಡು ಮೀಟರ್ ಹೊಂದಿಸಿದ್ರು. ಪಾದರಸ ವಿಷ ಅಂತ ಆ ಸೆಲ್ ನಿಂತೋಯ್ತು, ಅಮೆರಿಕದಲ್ಲಂತೂ 1996ರಲ್ಲಿ ಕಾನೂನೇ ಬಂತು. ಅದೇ ಗೂಡಲ್ಲಿ ಕೂರೋ ಆಲ್ಕಲೈನ್ ಹೊಸದಿದ್ದಾಗ 1.5ರ ಮೇಲೇ ಇರತ್ತೆ. ಮೀಟರ್ ಒಳಗಿರೋ ಸಿಡಿಎಸ್ ಅನ್ನೋ ಬೆಳಕು ಗುರುತಿಸೋ ತುಣುಕು (ಇದು ಬ್ಯಾಟರಿ ಅಲ್ಲ) ಬೆಳಕು ಜಾಸ್ತಿ ಬಿದ್ದಷ್ಟೂ ಕರೆಂಟ್ ಜಾಸ್ತಿ ಬಿಡತ್ತೆ, ಆದ್ರೆ ಆ ಕರೆಂಟ್ ಬೆಳಕಿಂದ ಏರ್ತೋ ವೋಲ್ಟೇಜಿಂದ ಏರ್ತೋ ಮುಳ್ಳಿಗೆ ಹೆಂಗ್ ಗೊತ್ತಾಗ್ಬೇಕು, ಅದು ಪ್ಲಸ್ ಕಡೆ ಏಳತ್ತೆ, ನಾವು ಬೆಳಕು ಧಾರಾಳ ಇದೆ ಅಂತ ಅಪರ್ಚರ್, ಅಂದ್ರೆ ಲೆನ್ಸಿನ ಬೆಳಕಿನ ಕಂಡಿ, ಚಿಕ್ಕದು ಮಾಡ್ತೀವಿ, ಫಿಲ್ಮಿಗೆ ಬೆಳಕು ಸಾಲಲ್ಲ. ಮುಳ್ಳು ಆಡ್ದೇ ಇದ್ದಿದ್ರೆ ನಾನೂ ಅನುಮಾನ ಪಡ್ತಿದ್ದೆ, ಆಡ್ತಲ್ಲ, ಅಲ್ಲೇ ಎಡವಿದ್ದು.

"ಎಎಸ್‌ಎ ಡಯಲ್ (ಫಿಲ್ಮಿನ ಸ್ಪೀಡ್ ಹೊಂದಿಸೋದು) ಅರ್ಧಕ್ಕೆ ಇಳಿಸಿ, ಸರಿಹೋಗತ್ತೆ" ಅಂತ ಹೇಳೋರು ಸಿಗ್ತಾರೆ. ಕೇಳ್ಬೇಡಿ. ತಪ್ಪು ಎಲ್ಲಾ ಬೆಳಕಲ್ಲೂ ಒಂದೇ ಸಮ ಇರಲ್ಲ, ಆಲ್ಕಲೈನ್ ಖಾಲಿ ಆಗ್ತಾ ಆಗ್ತಾ ವೋಲ್ಟೇಜೂ ಇಳಿಯತ್ತೆ, ಈ ತಿಂಗಳ ಲೆಕ್ಕ ಮುಂದಿನ ತಿಂಗಳಿಗೆ ಬರಲ್ಲ. (ಎಲ್ಲಾ ಹಳೇ ಕ್ಯಾಮೆರಾದ್ದೂ ಈ ಗೋಳಲ್ಲ. ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್‌ನಲ್ಲಿ ಬ್ರಿಡ್ಜ್ ಸರ್ಕ್ಯೂಟ್ ಇದೆ, ವೋಲ್ಟೇಜಿಗೆ ಕೇರ್ ಮಾಡಲ್ಲ, ಝೆನಿಟ್-ಇ ಕ್ಯಾಮೆರಾದ್ದು ಸೆಲೆನಿಯಂ ಮೀಟರ್, ಅದಕ್ಕೆ ಸೆಲ್ಲೇ ಬೇಡ.)

ಕಿವಿ ಮಷೀನಿಗೆ ಹಾಕೋ ಝಿಂಕ್-ಏರ್ 675 ತಗೊಳ್ಳಿ, 1.4 ವೋಲ್ಟ್, ಕಡೇವರೆಗೂ ಹೆಚ್ಚು ಇಳಿಯಲ್ಲ. ಗೂಡಿಗಿಂತ ಚಿಕ್ಕದು, ಸುತ್ತ ರಬ್ಬರ್ ವಾಷರ್ ಕೂರಿಸಿ, ಗಾಳಿ ತೂತು ಮುಚ್ಬೇಡಿ, ಸ್ಟಿಕ್ಕರ್ ಕಿತ್ತು ಐದು ನಿಮಿಷ ಬಿಟ್ಟು ಹಾಕಿ. ಕೆಲವು ತಿಂಗಳಲ್ಲಿ ಒಣಗೋಗತ್ತೆ, ಹೋಗ್ಲಿ, ಚೀಪ್ ಇದೆ. ಆಮೇಲೆ ಒಂದು ಬರೀ ಗೋಡೆ ನೋಡಿ ಫೋನಿನ ಫ್ರೀ ಮೀಟರ್ ಆ್ಯಪ್ ಜೊತೆ ತಾಳೆ ಹಾಕಿ, ಬಿಸಿಲಲ್ಲೊಂದ್ಸಲ ಮನೆಯೊಳಗೊಂದ್ಸಲ. ಆಗ್ಲೂ ಹೊಂದದಿದ್ರೆ ರಿಪೇರಿ ಮಾತು.

ಹಂಗೂ ಹೊರಗಡೆ ಮೀಟರೇ ಬೇಡ ಅನ್ನೋನು ನಾನು. ಈ ಕ್ಯಾಮೆರಾದ ಶಟರ್ ಪೂರ್ತಿ ಮೆಕ್ಯಾನಿಕಲ್, ಸೆಲ್ ಇಲ್ದೇನೂ ಓಡತ್ತೆ. ಐಎಸ್‌ಒ 200 ಸ್ಪೀಡಿನ ಫಿಲ್ಮ್ ಇದ್ರೆ ಶಟರ್ 1/250 ಸೆಕೆಂಡಿಗೆ ಇಡಿ, ಅಪರ್ಚರ್ ಖಡಕ್ ಬಿಸಿಲಿಗೆ ಎಫ್/16, ತೆಳು ಮೋಡಕ್ಕೆ 11, ದಟ್ಟ ಮೋಡಕ್ಕೆ 5.6, ನೆರಳಿಗೆ 4. ಅನುಮಾನ ಬಂದ್ರೆ ಒಂದು ಸ್ಟಾಪ್ (ಅಂದ್ರೆ ದುಪ್ಪಟ್ಟು ಬೆಳಕು) ಜಾಸ್ತೀನೇ ಕೊಡಿ, ಕಲರ್ ನೆಗೆಟಿವ್ ತಡ್ಕೊಳ್ಳತ್ತೆ. ಸ್ಲೈಡ್ ಫಿಲ್ಮ್ ತಡ್ಕೊಳ್ಳಲ್ಲ, ಅದನ್ನ ಈಗ್ಲೇ ಹಾಕೋಕೆ ಹೋಗ್ಬೇಡಿ.