ಪುಣೆಯಲ್ಲಿ 9ರ ಮಗಳು, 5ರ ಮಗನಿಗೆ ಮನೆಯಲ್ಲೇ ಪಾಠ. ಮನೆಗೆಲಸವೂ ಸೇರಿ ಸುಸ್ತಾಗಿದ್ದೇನೆ, ಹೇಗೆ ನಿಭಾಯಿಸಲಿ?

ಹೆಚ್ಚಿನವರು ಎಡವುವುದು ಶಾಲೆಯ ವೇಳಾಪಟ್ಟಿಯನ್ನೇ ಮನೆಗೆ ತಂದಾಗ. ನಲವತ್ತು ಮಕ್ಕಳ ತರಗತಿಗೆ ಬೇಕಾದ ಐದು ಗಂಟೆ ಒಬ್ಬಳಿಗೆ ಬೇಡ. ಮಗಳಿಗೆ ದಿನಕ್ಕೆ ಎರಡು ಗಂಟೆ, ಮಗನಿಗೆ 15-20 ನಿಮಿಷದಂತೆ ಎರಡು ಸಲ ಸಾಕು. ಮೊದಲು ಮಗನನ್ನೇ ಕೂರಿಸಿಕೊಳ್ಳಿ. ಅಮ್ಮ ಸಿಕ್ಕಿದಳು ಅನಿಸಿದರೆ ಆಮೇಲೆ ತನ್ನ ಪಾಡಿಗೆ ಆಡಿಕೊಂಡಿರುತ್ತಾನೆ. ತಿರುವುಮುರುವಾದರೆ ಅಕ್ಕನ ಲೆಕ್ಕ ಹತ್ತು ಸಲ ನಿಲ್ಲುತ್ತದೆ.

ತರಕಾರಿ ತರುವುದೂ ಪಾಠವೇ. ಬೆಂಡೆಕಾಯಿ ಕಿಲೋಗೆ 80 ರೂಪಾಯಿ ಆದರೆ ‘ಪಾವ್ ಕಿಲೋ’ಗೆ ಎಷ್ಟು? ಕಾಲು ಭಾಗ, 250 ಗ್ರಾಂ, 20 ರೂಪಾಯಿ. ಭಿನ್ನರಾಶಿಯ ಜೊತೆ ಮರಾಠಿಯೂ ಆಯಿತು.

ಕನ್ನಡ ಓದಿಸುವುದನ್ನು ರಾತ್ರಿ ಅಪ್ಪನಿಗೆ ಬಿಡಿ, ದಿನಾ ಅರ್ಧ ಗಂಟೆ. ಆ ಹೊತ್ತು ನಿಮ್ಮದು, ದಯವಿಟ್ಟು ಪಾತ್ರೆ ತೊಳೆಯಲು ಹೋಗಬೇಡಿ.

ಪರೀಕ್ಷೆಯ ಚಿಂತೆ ಈಗಲೇ ಯಾಕೆ? ಶಾಲೆಗೆ ಹೋಗದವರೂ ಪರೀಕ್ಷೆ ಬರೆಯಬಹುದಾದ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹತ್ತನೇ ತರಗತಿಗೆ ಕನಿಷ್ಠ 14 ವರ್ಷ ತುಂಬಿರಬೇಕು. ಐದು ವಿಷಯ, ವರ್ಷಕ್ಕೆ ಎರಡು ಸಲ ಪರೀಕ್ಷೆ.

ವಾರಕ್ಕೆ ನಾಲ್ಕೇ ದಿನ ಪಾಠ ಇಡಿ. ಐದನೆಯ ದಿನ ಖಾಲಿ ಇರಲಿ: ಜ್ವರ, ಬ್ಯಾಂಕು, ಊರಿಂದ ಬಂದಿಳಿದ ನೆಂಟರು, ಎಲ್ಲ ಅದರಲ್ಲೇ ಹೋಗುತ್ತದೆ.