ಯಮಶಿತಾ ಲೇಖನ: ಈ ರೂಪದಲ್ಲಿ ಬೇಡ

ಪ್ರಿಯ ಲೇಖಕರಿಗೆ,

ಜಪಾನಿನ ಜೂಡೊ ಪಟು ಯಾಸುಹಿರೊ ಯಮಶಿತಾ ಅವರ ಬಗ್ಗೆ ನೀವು ಕಳಿಸಿದ 'ಅಜೇಯ' ಲೇಖನವನ್ನು ಈಗಿರುವಂತೆ ಪ್ರಕಟಿಸಲಾರೆ. ಆದರೆ ವಿಷಯವನ್ನು ನೀವು ಕೈಬಿಡಬಾರದು. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಪದಕಗಳೆಲ್ಲ ಮೊದಲ ಪುಟದಲ್ಲೇ ಮುಗಿದುಹೋಗಿವೆ: ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕು ಚಿನ್ನ, 1977ರಿಂದ 1985ರವರೆಗೆ ಸತತ ಒಂಬತ್ತು ಅಖಿಲ ಜಪಾನ್ ಪ್ರಶಸ್ತಿ, 1984ರ ಒಲಿಂಪಿಕ್ ಚಿನ್ನ. ಉಳಿದ ಪುಟಗಳ ತುಂಬ 'ಮಹಾನ್', 'ಅಪ್ರತಿಮ'. ಯಮಶಿತಾ ಮಾತ್ರ ಎಲ್ಲೂ ಕಾಣಿಸುವುದಿಲ್ಲ.

'ಸತತ 203 ಗೆಲುವು' ಎಂದು ಬರೆದು ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಆ ಅವಧಿಯಲ್ಲಿ ಅವರು ಸೋತಿಲ್ಲ, ನಿಜ. ಆದರೆ ನಡುವೆ ಡ್ರಾ ಆದ ಪಂದ್ಯಗಳಿವೆ. ಅವುಗಳಲ್ಲೊಂದು 1980ರದ್ದು. ಆ ವರ್ಷ ಮಾಸ್ಕೊ ಒಲಿಂಪಿಕ್ಸ್ ಬಹಿಷ್ಕಾರಕ್ಕೆ ಜಪಾನ್ ಕೈಜೋಡಿಸಲು ಹೊರಟಾಗ, ನಮ್ಮನ್ನು ಹೋಗಲು ಬಿಡಿ ಎಂದು ಕ್ರೀಡಾಪಟುಗಳು ಸಭೆ ಸೇರಿ ಬೇಡಿಕೊಂಡರು. ಅಲ್ಲಿ ಯಮಶಿತಾ ಕಣ್ಣೀರಿಟ್ಟರು. ಆದರೂ ಜಪಾನ್ ಹೋಗಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಎದುರಾಳಿ ಸುಮಿಯೊ ಎಂಡೊ ಅವರು ಕಾಲುಗಳಿಗೆ ಕತ್ತರಿ ಹಾಕಿ ಬೀಳಿಸುವ ಕಾನಿ ಬಸಾಮಿ ಪಟ್ಟು ಹಾಕಿದಾಗ ಯಮಶಿತಾರ ಕಾಲಿನ ಮೂಳೆ ಮುರಿಯಿತು. ಪಂದ್ಯ ಡ್ರಾ ಎಂದು ಘೋಷಿಸಿದರು. ನೀವು ಹೊಗಳಿದ ದಾಖಲೆಯೊಳಗೆ ಮುರಿದ ಕಾಲೂ ಇದೆ, ಕೈತಪ್ಪಿದ ಒಲಿಂಪಿಕ್ಸೂ ಇದೆ. ಲೇಖನದಲ್ಲಿ ಎರಡೂ ಇಲ್ಲ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಭಾಗದಲ್ಲಿ ತಪ್ಪೇ ಇದೆ. ಅವರು ಗೆದ್ದದ್ದು ತೂಕದ ಮಿತಿಯಿಲ್ಲದ ಮುಕ್ತ ವಿಭಾಗದಲ್ಲಿ. ಹೆವಿವೇಟ್ ಚಿನ್ನ ಹಿತೊಶಿ ಸೈತೊ ಅವರದು. 'ಕಾಲುನೋವಿನಲ್ಲೂ ಗೆದ್ದರು' ಎಂಬ ಒಂದು ವಾಕ್ಯವೂ ಸಾಲದು. ಪಶ್ಚಿಮ ಜರ್ಮನಿಯ ಶ್ನಾಬೆಲ್ ಎದುರು ಹರಿದದ್ದು ಬಲಗಾಲಿನ ಮೀನಖಂಡ. ಯಮಶಿತಾ ಎಡಮಗ್ಗುಲಿನಿಂದ ಆಡುವವರು, ಎಡಗಾಲು ಬೀಸಿ ಎದುರಾಳಿಯನ್ನು ಎತ್ತಿಹಾಕುವಾಗ ಮೈಭಾರವೆಲ್ಲ ಬಲಗಾಲಿನ ಮೇಲೆ. ಆ ಕಾಲೇ ಕೈಕೊಟ್ಟಿತು. ಶ್ನಾಬೆಲ್ ಅವರನ್ನು ನೆಲದಲ್ಲಿ ಕೊರಳುಪಟ್ಟಿ ಬಿಗಿದು ಸೋಲಿಸಿದರು. ಸೆಮಿಫೈನಲ್ ಶುರುವಾಗುತ್ತಿದ್ದಂತೆ ಫ್ರಾನ್ಸಿನ ಡೆಲ್ ಕೊಲಂಬೊ ಇವರನ್ನೇ ಬೀಳಿಸಿ ಮುನ್ನಡೆ ಪಡೆದರು. ಅದನ್ನೂ ದಾಟಿ, ಫೈನಲ್‌ನಲ್ಲಿ ಈಜಿಪ್ಟಿನ ಮೊಹಮ್ಮದ್ ರಶ್ವಾನ್ ಅವರನ್ನು ಚಾಪೆಗೆ ಒತ್ತಿಹಿಡಿದು ಗೆದ್ದರು. ಯಾವ ಪಂದ್ಯದಲ್ಲಿ ಏನು ಮಾಡಿದರು ಎಂಬುದನ್ನು ಬರೆಯಿರಿ. ನೋವು ಓದುಗರಿಗೆ ತಾನೇ ತಿಳಿಯುತ್ತದೆ.

ರಶ್ವಾನ್ ಗಾಯದ ಕಾಲನ್ನು ಮುಟ್ಟಲೇ ಇಲ್ಲ ಎಂಬ ಕಥೆ ಬಹಳ ಜನಪ್ರಿಯ. ಅದರ ಬಗ್ಗೆ ಒಮ್ಮತವಿಲ್ಲ, ಪಂದ್ಯದ ವಿಡಿಯೊ ನೋಡಿಯೇ ಬರೆಯಿರಿ. ಪದಕ ಪಡೆಯುವಾಗ ವೇದಿಕೆ ಏರಲು ಅವರು ಯಮಶಿತಾಗೆ ಕೈಯಾಸರೆ ಕೊಟ್ಟದ್ದಂತೂ ನಿಜ. ನನಗೆ ಅಷ್ಟೇ ದೊಡ್ಡದು.

ಬಾಲ್ಯಕ್ಕೆ ಎರಡು ಸಾಲು ಸಾಕು. 1980ರ ಮೇ ತಿಂಗಳಿಂದ ಶುರುಮಾಡಿ. 28ನೇ ವಯಸ್ಸಿನಲ್ಲಿ, ಕೊನೆಯ ಅಖಿಲ ಜಪಾನ್ ಪ್ರಶಸ್ತಿ ಗೆದ್ದ ಬೆನ್ನಲ್ಲೇ ಅವರು ನಿವೃತ್ತರಾದ ಸಂಗತಿಯನ್ನು ನೀವು ಚೆನ್ನಾಗಿ ಬರೆದಿದ್ದೀರಿ, ಆ ಭಾಗ ಹಾಗೇ ಇರಲಿ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ.